ಕಂಚಿನ ಮುಖ, ಮಣ್ಣಿನ ಅಚ್ಚು

ಮೂರು ಸಾವಿರ ವರ್ಷ ಹಳೆಯ ಚೀನಾದ ಕಂಚಿನ ಪಾತ್ರೆಗಳಿಂದ ಎರಡು ಕಣ್ಣು ನಮ್ಮನ್ನು ದಿಟ್ಟಿಸುತ್ತವೆ. ಅದು ರಾಕ್ಷಸನೇ, ದೇವರೇ, ಬರಿಯ ಚಿತ್ತಾರವೇ? ಪುರಾಣಗಳಲ್ಲಿ ಸಿಗದ ಉತ್ತರ ಎರಕದ ಮನೆಯ ಮಣ್ಣಿನ ಚೂರುಗಳಲ್ಲಿದೆ, ಒಂದೇ ಮನೆತನದ ನಾಲ್ಕು ತಲೆಮಾರಿನ ಪಾತ್ರೆಗಳಲ್ಲಿದೆ.

ಅದು 1976. ಚೀನಾದ ಹೆನಾನ್ ಪ್ರಾಂತ್ಯದ ಅನ್ಯಾಂಗ್ ನಗರದ ಅಂಚಿನಲ್ಲಿರುವ ಶಿಯಾವೊತುನ್ ಹಳ್ಳಿ. ಊರ ಪಕ್ಕದ ದಿಬ್ಬವನ್ನು ಸಮ ಮಾಡಿ ಹೊಲಕ್ಕೆ ಸೇರಿಸಬೇಕೆಂದು ಹಳ್ಳಿಯವರು ಹೊರಟಿದ್ದರು. ಅದಕ್ಕೆ ಮೊದಲು ನೆಲದಡಿ ಏನಿದೆಯೆಂದು ನೋಡಲು ಝೆಂಗ್ ಝೆನ್‌ಶಿಯಾಂಗ್ ಎಂಬ ಪುರಾತತ್ವಜ್ಞೆಯ ತಂಡ ಉದ್ದ ಹಿಡಿಯ ಸಲಿಕೆಯನ್ನು ಮಣ್ಣಿಗಿಳಿಸುತ್ತಿತ್ತು. ಬಡಿದು ಗಟ್ಟಿ ಮಾಡಿದ ಮಣ್ಣು ಒಂದಾಳು, ಎರಡಾಳು ಇಳಿದರೂ ಮುಗಿಯಲಿಲ್ಲ. ಆಕೆಯೂ ಬಿಡಲಿಲ್ಲ. ಕೊನೆಗೊಮ್ಮೆ ಒದ್ದೆ ಮಣ್ಣಿನ ಜೊತೆ ಕೆಂಪು ಮೆರುಗೆಣ್ಣೆಯ ಚೂರುಗಳು ಮೇಲೆ ಬಂದವು. ಅಗೆದಾಗ ಸಿಕ್ಕಿದ್ದು 5.6 ಮೀಟರ್ ಉದ್ದ, 4 ಮೀಟರ್ ಅಗಲ, ಏಳು ಮೀಟರಿಗೂ ಮೀರಿದ ಆಳದ ಗುಂಡಿ. ತಳದಲ್ಲಿ ನೀರು ನಿಂತಿತ್ತು. ಆ ಕೆಸರಿನೊಳಗಿಂದ 468 ಕಂಚಿನ ವಸ್ತುಗಳು, 750ಕ್ಕೂ ಹೆಚ್ಚು ಜೇಡ್ ಕಲ್ಲಿನ ಕೆತ್ತನೆಗಳು ಒಂದೊಂದಾಗಿ ಹೊರಬಂದವು. ಕಂಚಿನ ತೂಕವೇ ಸುಮಾರು 1.6 ಟನ್. ಕಳ್ಳರ ಕೈ ತಾಗದ ರಾಜಮನೆತನದ ಗೋರಿ ಅನ್ಯಾಂಗ್‌ನಲ್ಲಿ ಸಿಕ್ಕಿದ್ದು ಅದೊಂದೇ.

ನೂರಕ್ಕೂ ಹೆಚ್ಚು ಕಂಚುಗಳ ಮೇಲೆ ಒಂದೇ ಹೆಸರಿತ್ತು: ಫು ಹಾವೊ. ಕ್ರಿ.ಪೂ. 1200ರ ಸುಮಾರಿಗೆ ಆಳಿದ ಶಾಂಗ್ ದೊರೆ ವು ಡಿಂಗ್‌ನ ರಾಣಿ ಆಕೆ. ದೈವದ ಉತ್ತರ ಕೇಳಲು ಆಮೆಯ ಚಿಪ್ಪು ಮತ್ತು ದನದ ಎಲುಬುಗಳ ಮೇಲೆ ಕೊರೆದ ಬರಹಗಳಿಂದ ವಿದ್ವಾಂಸರಿಗೆ ಅವಳ ಹೆಸರು ಮೊದಲೇ ಪರಿಚಿತವಾಗಿತ್ತು. ಹೆರಿಗೆ ಸುಸೂತ್ರವಾದೀತೇ, ಕಾಯಿಲೆ ವಾಸಿಯಾದೀತೇ ಎಂದು ದೊರೆ ಅವಳಿಗಾಗಿ ಕೇಳಿಸಿದ್ದಾನೆ. ಒಂದು ಬರಹದಲ್ಲಿ ಅವಳು 13,000 ಜನರ ದಂಡಿನ ಮುಂದಿದ್ದಾಳೆ. ಈ ಅಗೆತಕ್ಕೆ ಈಗ ಅರ್ಧ ಶತಮಾನ. ಅದೇ ವರ್ಷ ಶಾಂಶಿ ಪ್ರಾಂತ್ಯದ ಲಿಂಟಾಂಗ್‌ನಲ್ಲಿ, ಶಾಂಗ್ ವಂಶವನ್ನು ಝೌ ದೊರೆ ಸೋಲಿಸಿದ ದಿನವನ್ನು ದಾಖಲಿಸಿದ ಪಾತ್ರೆಯೊಂದು ಸಿಕ್ಕಿತು. ಅದೇ ವರ್ಷದ ಕೊನೆಗೆ ಅದೇ ಪ್ರಾಂತ್ಯದ ಝುವಾಂಗ್‌ಬಾಯ್ ಹಳ್ಳಿಯಲ್ಲಿ ಒಂದೇ ಮನೆತನದ 103 ಕಂಚುಗಳು ಒಟ್ಟಿಗೆ ಸಿಕ್ಕವು. ಮೂರೂ ಪತ್ತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಹಳೆಯ ಜಗಳಕ್ಕೆ ಉತ್ತರ ಸಿಗುತ್ತದೆಂಬುದು ಈ ಲೇಖನದ ವಾದ. ಜಗಳ ಪಾತ್ರೆಗಳ ಮೇಲಿರುವ ಮುಖದ್ದು.

ಆ ಮುಖವನ್ನು ಹತ್ತಿರದಿಂದ ನೋಡಬೇಕು. ನಡುವೆ ಮೂಗಿನ ಗೆರೆ, ಎಷ್ಟೋ ಪಾತ್ರೆಗಳಲ್ಲಿ ಅದು ಹಲ್ಲುಹಲ್ಲಾಗಿ ಮುಂದೆ ಚಾಚಿದ ಏಣು. ಅದರ ಎರಡು ಬದಿಗೆ ಉಬ್ಬಿದ ಕಣ್ಣುಗಳು, ಕಣ್ಣಿನ ನಡುವೆ ಚುಚ್ಚಿದಂಥ ಸಣ್ಣ ಗುಳಿ. ಮೇಲೆ ಸುರುಳಿಯಾಗಿ ಹೊರಳಿದ ಕೊಂಬು, ಪಕ್ಕದಲ್ಲಿ ಕಿವಿ, ಕೆಳಗೆ ಒಳಕ್ಕೆ ಬಾಗಿದ ಮೇಲ್ದವಡೆ. ಕೆಳದವಡೆ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಮುಖದ ಎರಡೂ ಕಡೆ ಬಾಲದಂಥ ಮೈಯೊಂದು ಚಾಚಿ, ತುದಿಯಲ್ಲಿ ಮೇಲಕ್ಕೆ ಸುತ್ತಿಕೊಂಡಿರುತ್ತದೆ. ಈಗ ಬಲಗಡೆಯ ಅರ್ಧವನ್ನು ಕೈಯಿಂದ ಮುಚ್ಚಿದರೆ ಮುಖ ಮಾಯವಾಗುತ್ತದೆ. ಉಳಿಯುವುದು ಪಕ್ಕಕ್ಕೆ ತಿರುಗಿ ನಿಂತ ಒಂದು ಪ್ರಾಣಿ: ಒಂದು ಕಣ್ಣು, ಒಂದು ಕೊಂಬು, ಒಂದು ಕಾಲು, ಒಂದು ಬಾಲ. ಕೈ ತೆಗೆದರೆ ಎರಡು ಪ್ರಾಣಿಗಳು ಮೂತಿಗೆ ಮೂತಿ ತಾಗಿಸಿ ಒಂದು ಮುಖವಾಗುತ್ತವೆ. ಹಿನ್ನೆಲೆಯಲ್ಲಿ ಉಗುರಿನ ಅಗಲಕ್ಕೂ ಚಿಕ್ಕದಾದ ಚೌಕ ಸುರುಳಿಗಳು ಒತ್ತೊತ್ತಾಗಿ ತುಂಬಿರುತ್ತವೆ. ಚೀನೀಯರು ಇದನ್ನು ಗುಡುಗಿನ ಚಿತ್ತಾರ ಎನ್ನುತ್ತಾರೆ. ಈ ಸುರುಳಿಗಳನ್ನು ಲೋಹದ ಮೇಲೆ ಉಳಿಯಿಂದ ಕೆತ್ತಿದ್ದಲ್ಲ, ಎರಕದಲ್ಲೇ ಮೂಡಿಸಿದ್ದು.

ಮ್ಯೂಸಿಯಮ್‌ಗಳಲ್ಲಿ ಕಾಣುವ ಹಸಿರು ಬಣ್ಣ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಕಿಲುಬು, ಮೂರು ಸಾವಿರ ವರ್ಷ ನೆಲದಲ್ಲಿ ಹೂತಿದ್ದರ ಗುರುತು. ತಾಮ್ರಕ್ಕೆ ತವರ, ಕೆಲವೊಮ್ಮೆ ಸೀಸ ಬೆರೆಸಿ ಎರಕ ಹೊಯ್ದು ಉಜ್ಜಿ ತಿಕ್ಕಿದ ಹೊಸ ಪಾತ್ರೆ ಹೊಂಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ಈಗ ಗುಮ್ಮನಂತೆ, ಕತ್ತಲೆಯ ಜೀವಿಯಂತೆ ಕಾಣುವ ಆ ಮುಖವನ್ನು ಮೊದಲು ನೋಡಿದವರು ಹೊಳೆಯುವ ಲೋಹದ ಮೇಲೆ, ಉರಿಯುವ ಬೆಂಕಿಯ ಪಕ್ಕದಲ್ಲಿ ನೋಡಿದರು. ಅದರ ಮುಂದೆ ಆವಿಯೇಳುವ ಮಾಂಸವಿತ್ತು, ಬೆಚ್ಚಗಿನ ಧಾನ್ಯದ ಮದ್ಯವಿತ್ತು. ತೀರಿಹೋದ ಹಿರಿಯರಿಗೆ ಎಡೆ ಇಡುವ ಪಾತ್ರೆಗಳಿವು. ಸತ್ತವರು ಉಣ್ಣುತ್ತಾರೆ, ತೃಪ್ತರಾದರೆ ಮಳೆ ಬೆಳೆ ಕೊಡಿಸುತ್ತಾರೆ, ಮುನಿದರೆ ಕಾಯಿಲೆ ತರುತ್ತಾರೆ ಎಂದು ಶಾಂಗ್ ದೊರೆಗಳು ನಂಬಿದ್ದರು. ಯಾವ ಹಿರಿಯನಿಗೆ, ಯಾವ ದಿನ, ಎಷ್ಟು ದನ ಎಂಬುದನ್ನೂ ಎಲುಬಿನ ಮೇಲೆ ಕೊರೆಸಿ ಕೇಳುತ್ತಿದ್ದರು.

ಎಡೆಯ ಪಾತ್ರೆಗಳು
*ಡಿಂಗ್: ಮಾಂಸ ಬೇಯಿಸುವ, ಬಡಿಸುವ ಪಾತ್ರೆ, ಗುಂಡಗಿದ್ದರೆ ಮೂರು ಕಾಲು, ಚೌಕವಿದ್ದರೆ ನಾಲ್ಕು. ಗುಯ್: ಅನ್ನ, ಧಾನ್ಯ ಬಡಿಸುವ ಹಿಡಿಯುಳ್ಳ ಬಟ್ಟಲು. ಜುವೆ: ಮದ್ಯ ಬಿಸಿ ಮಾಡಿ ಸುರಿಯುವ, ಉದ್ದ ಮೂತಿಯ ಮೂರು ಕಾಲಿನ ಪಾತ್ರೆ. ಗು: ತುತ್ತೂರಿಯಂತೆ ಬಾಯಿ ಅರಳಿದ ತೆಳುಸೊಂಟದ ಲೋಟ. ಪಾನ್: ಕೈ ತೊಳೆದ ನೀರು ಹಿಡಿಯುವ ಅಗಲ ತಟ್ಟೆ. ಶಾಂಗ್ ಕಾಲದ ಗೋರಿಗಳಲ್ಲಿ ಗು ಮತ್ತು ಜುವೆ ಜೊತೆಯಾಗಿ ಬರುತ್ತವೆ. ಸಾಮಾನ್ಯ ಅಧಿಕಾರಿಗೆ ಕಂಚಿನ ಒಂದು ಜೊತೆ, ಬಡವನಿಗೆ ಮಣ್ಣಿನ ನಕಲು. ಫು ಹಾವೊಗೆ 53 ಗು, 40 ಜುವೆ.*

ಈ ಮುಖಕ್ಕೆ ತಾವೊತಿಯೆ ಎಂಬ ಹೆಸರು ಅಂಟಿದ್ದು ಬಹಳ ತಡವಾಗಿ. ಕ್ರಿ.ಪೂ. 239ರ ಸುಮಾರಿನ ‘ಲೂಶಿ ಚುನ್‌ಚಿಯು’ ಗ್ರಂಥದಲ್ಲಿ ಝೌ ಕಾಲದ ಪಾತ್ರೆಗಳ ಮೇಲಿರುವ, ತಲೆಯಿದ್ದೂ ಮೈಯಿಲ್ಲದ, ಮನುಷ್ಯರನ್ನು ತಿನ್ನುವ ಹೊಟ್ಟೆಬಾಕನೊಂದರ ಮಾತು ಬರುತ್ತದೆ. ಸಾಂಗ್ ವಂಶದ ಕಾಲದಲ್ಲಿ ಹಳೆಯ ಕಂಚುಗಳನ್ನು ಕೂಡಿಹಾಕಿ ಚಿತ್ರ ಬರೆದು ಪಟ್ಟಿ ಮಾಡಿದ ವಿದ್ವಾಂಸರು ಆ ಹೆಸರನ್ನು ಈ ಮುಖಕ್ಕೆ ಖಾಯಂ ಮಾಡಿದರು. 1092ರಲ್ಲಿ ಬಂದ ಲೂ ದಾಲಿನ್‌ನ ಸಚಿತ್ರ ಗ್ರಂಥ ಅವುಗಳಲ್ಲಿ ಮುಖ್ಯವಾದುದು. ಅಂದಿನಿಂದ ನೋಡುವವರ ಕಣ್ಣಿಗೆ ರಾಕ್ಷಸನೇ ಬೀಳುತ್ತಾನೆ. ಆದರೆ ಈ ಸಾಕ್ಷಿಯ ವಯಸ್ಸನ್ನು ಲೆಕ್ಕ ಹಾಕಿ ನೋಡಿ. ಫು ಹಾವೊ ತೀರಿಕೊಂಡು ಸುಮಾರು ಸಾವಿರ ವರ್ಷಗಳ ಮೇಲೆ ಬರೆದ ನೀತಿಗ್ರಂಥವದು. ಅದನ್ನು ಬರೆದವರ ಕಾಲಕ್ಕೆ ಮುಖದ ಪಾತ್ರೆಗಳು ಹಳೆಯ ಅಪರೂಪದ ವಸ್ತುಗಳಾಗಿದ್ದವು. ಅತಿಯಾಸೆ ಕೂಡದೆಂದು ಹೇಳಲು ಅವರಿಗೊಂದು ಉದಾಹರಣೆ ಬೇಕಿತ್ತು, ಸಿಕ್ಕಿತು. ಶಾಂಗ್ ಕಾಲದ ಎಲುಬಿನ ಬರಹಗಳಲ್ಲಿ ಹಿರಿಯರ ಹೆಸರುಗಳಿವೆ, ನದಿ, ಬೆಟ್ಟ, ಗಾಳಿಗಳಿಗೆ ಕೊಟ್ಟ ಬಲಿಯಿದೆ. ಪಾತ್ರೆಯ ಮೇಲಿನ ಮುಖ ಯಾರದೆಂಬ ಮಾತು ಒಂದೂ ಇಲ್ಲ. ಸಾವಿರ ವರ್ಷ ತಡವಾಗಿ ಬಂದ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವಂತಿಲ್ಲ.

ಹಾಗಾದರೆ ಪಾತ್ರೆಗಳನ್ನೇ ಕೇಳಬೇಕು. 20ನೇ ಶತಮಾನದ ಮೊದಲರ್ಧದಲ್ಲಿ ಅದು ಸುಲಭವಿರಲಿಲ್ಲ. ಯುರೋಪು, ಅಮೆರಿಕದ ಸಂಗ್ರಹಗಳಲ್ಲಿದ್ದ ಪಾತ್ರೆಗಳು ಗೋರಿಗಳ್ಳರ ಮೂಲಕ ಬಂದವು, ಯಾವುದು ಯಾವ ಗುಂಡಿಯದೆಂಬ ದಾಖಲೆಯಿಲ್ಲ. ಸ್ವೀಡನ್ನಿನ ವಿದ್ವಾಂಸ ಬೆರ್ನ್‌ಹಾರ್ಡ್ ಕಾರ್ಲ್‌ಗ್ರೆನ್ 1930ರ ದಶಕದಲ್ಲಿ ಒಂದು ಲೆಕ್ಕ ಹೇಳಿದರು: ಸ್ಪಷ್ಟವಾದ ಪ್ರಾಣಿಮುಖ ಮೂಲದ್ದು, ಗೆರೆಗಳಾಗಿ ಕರಗಿದ ಚಿತ್ತಾರ ಅದರಿಂದ ಹುಟ್ಟಿದ್ದು. ಕೇಳಿದರೆ ಸಹಜವೆನಿಸುತ್ತದೆ, ಮೊದಲು ಅರ್ಥ, ಆಮೇಲೆ ಸವಕಳಿ. 1953ರಲ್ಲಿ ಕಲಾಚರಿತ್ರೆಯ ವಿದ್ವಾಂಸ ಮ್ಯಾಕ್ಸ್ ಲೋಯರ್ ಇದನ್ನು ತಲೆಕೆಳಗು ಮಾಡಿದರು. ಪಾತ್ರೆಗಳ ಗೆರೆಗಳನ್ನಷ್ಟೇ ನೋಡಿ ಐದು ಶೈಲಿಗಳನ್ನು ಸಾಲಾಗಿ ಜೋಡಿಸಿದರು. ಮೊದಲಿಗೆ ದಾರದಂಥ ತೆಳು ಉಬ್ಬುಗೆರೆ, ಅದರಲ್ಲಿ ಗುರುತು ಹಿಡಿಯಬಹುದಾದದ್ದು ಎರಡು ಕಣ್ಣು ಮಾತ್ರ. ನಂತರ ಅಗಲ ಪಟ್ಟಿ. ಆಮೇಲೆ ಮೈತುಂಬ ಹರಡಿದ ದಟ್ಟ ಬಳ್ಳಿ. ನಾಲ್ಕನೆಯದರಲ್ಲಿ ಮುಖವೂ ಹಿನ್ನೆಲೆಯ ಸುರುಳಿಗಳೂ ಬೇರೆಯಾಗುತ್ತವೆ. ಐದನೆಯದರಲ್ಲಿ ಮುಖ ಉಬ್ಬಿ ಎದ್ದು ನಿಲ್ಲುತ್ತದೆ. ಅಂದರೆ ಕಣ್ಣು ಮೊದಲು, ಪ್ರಾಣಿ ಕೊನೆಗೆ. ಮುಂದೆ ಝೆಂಗ್‌ಝೌ ನಗರದ ಅಡಿಯಲ್ಲಿ ಅನ್ಯಾಂಗ್‌ಗಿಂತ ಹಳೆಯದಾದ ರಾಜಧಾನಿಯ ಅಗೆತ ನಡೆದಾಗ ಲೋಯರ್ ಮೊದಲು ಇಟ್ಟಿದ್ದ ಶೈಲಿಗಳೇ ಅಲ್ಲಿ ಸಿಕ್ಕವು. ಐದೂ ಶೈಲಿಗಳು ಅನ್ಯಾಂಗ್‌ನಲ್ಲೇ ಹುಟ್ಟಿದವೆಂಬ ಅವರ ಊಹೆ ಬಿದ್ದುಹೋಯಿತು, ಆದರೆ ಕ್ರಮ ನಿಂತಿತು. ಮಣ್ಣಿನ ಪದರಗಳು ಹೀಗೆ ಕಲಾವಿಮರ್ಶಕನ ಪರವಾಗಿ ಸಾಕ್ಷಿ ಹೇಳುವುದು ಅಪರೂಪ.

ಕಣ್ಣು ಮೊದಲು ಬಂದದ್ದು ಏಕೆ, ಗೆರೆ ಹಾಗೆ ಬೆಳೆದದ್ದು ಏಕೆ ಎಂದು ತಿಳಿಯಲು ಎರಕದ ಮನೆಗೇ ಹೋಗಬೇಕು. ನಮ್ಮ ಕಡೆಯ ಪಂಚಲೋಹದ ಮೂರ್ತಿಗಳ ದಾರಿ ಬೇರೆ: ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಖಾಲಿಗೆ ಲೋಹ ಹೊಯ್ಯುತ್ತಾರೆ. ಶಾಂಗ್ ಎರಕದವರು ಮೇಣ ಬಳಸಲಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ಪಾತ್ರೆಯ ಮಾದರಿ ಮಾಡುತ್ತಿದ್ದರು. ಅದರ ಮೇಲೆ ನುಣುಪಾದ ಹಸಿಮಣ್ಣನ್ನು ಒತ್ತಿ, ತುಸು ಗಟ್ಟಿಯಾದ ಮೇಲೆ ಉದ್ದುದ್ದಕ್ಕೆ ಕೊಯ್ದು ಭಾಗಭಾಗವಾಗಿ ಬಿಡಿಸುತ್ತಿದ್ದರು. ಇದು ಹೊರ ಅಚ್ಚು. ಆಮೇಲೆ ಒಳಗಿನ ಮಾದರಿಯ ಮೈಯನ್ನು ಪಾತ್ರೆ ಎಷ್ಟು ದಪ್ಪವಿರಬೇಕೋ ಅಷ್ಟು ಹೆರೆದರೆ, ಅಥವಾ ಅದೇ ಅಳತೆಗೆ ಬೇರೆಯದನ್ನು ಮಾಡಿದರೆ, ಒಳ ತಿರುಳು ಸಿದ್ಧ. ಎಲ್ಲವನ್ನೂ ಸುಟ್ಟು, ಮತ್ತೆ ಜೋಡಿಸಿ, ತಿರುಳು ಅಲುಗದಂತೆ ನಡುನಡುವೆ ಹಳೆಯ ಕಂಚಿನ ಚೂರುಗಳನ್ನು ಸಿಕ್ಕಿಸಿ, ಆ ಸಂದಿಗೆ ಕರಗಿದ ಲೋಹ ಹೊಯ್ಯುತ್ತಿದ್ದರು. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡಿದವರಿಗೆ ಇದರ ಸ್ವಭಾವ ಗೊತ್ತಿರುತ್ತದೆ. ಎರಡು ಮರದ ಹಲಗೆಗಳನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ ಅವು ಕೂಡುವ ಕಡೆ ಸಕ್ಕರೆಯ ಗಿಣಿಯ ಮೈಮೇಲೆ ಒಂದು ಗೆರೆ ಉಳಿಯುತ್ತದೆ. ಕಂಚಿನಲ್ಲೂ ಹಾಗೆಯೇ. ಪಾತ್ರೆಯ ಕಾಲುಗಳ ಒಳಮೈಯಲ್ಲಿ, ಹಿಡಿಯ ಕೆಳಗೆ ಆ ಗೆರೆಗಳು ಈಗಲೂ ಕಾಣುತ್ತವೆ. ಎಕ್ಸ್-ರೇ ಹಾಯಿಸಿದರೆ ಸಿಕ್ಕಿಸಿದ ಹಳೆಯ ಚೂರುಗಳೂ ಕಾಣುತ್ತವೆ. ಅನ್ಯಾಂಗ್‌ನ ಶಿಯಾವೊಮಿನ್‌ತುನ್‌ನಲ್ಲಿ ಸಿಕ್ಕ ಎರಕದ ಮನೆಗಳ ಅವಶೇಷದಲ್ಲಿ ಒಡೆದ ಅಚ್ಚಿನ ಚೂರುಗಳೇ ರಾಶಿ ರಾಶಿ.

ಈ ವಿಧಾನದ ಎರಡು ಗುಣಗಳು ಚಿತ್ತಾರದ ಹಣೆಬರಹ ಬರೆದವು. ಒಂದು, ಅಚ್ಚಿನ ಒಳಮೈ ಕೈಗೆ ಸಿಗುತ್ತದೆ, ಮುಚ್ಚುವ ಮೊದಲು ಅದರ ಮೇಲೆ ಗೀರಬಹುದು. ಹಸಿ ಅಚ್ಚಿನಲ್ಲಿ ಮೊನೆಯಿಂದ ಗೀರಿದ ಗೆರೆ ಕಂಚಿನ ಮೇಲೆ ಉಬ್ಬುಗೆರೆಯಾಗುತ್ತದೆ. ಲೋಯರ್ ಅವರ ಮೊದಲ ಶೈಲಿಯ ದಾರದಂಥ ಗೆರೆಗಳು ನಿಖರವಾಗಿ ಇಂಥವೇ. ಮುಂದೆ ಮಾದರಿಯ ಮೇಲೆಯೇ ಕೊರೆಯತೊಡಗಿದಾಗ ಗೆರೆ ಅಗಲವಾಯಿತು, ಆಳವಾಯಿತು, ಮೆಟ್ಟಿಲು ಮೆಟ್ಟಿಲಾಯಿತು. ಕಲಾಚರಿತ್ರೆಯ ವಿದ್ವಾಂಸ ರಾಬರ್ಟ್ ಬ್ಯಾಗ್ಲಿ ಈ ಹೆಜ್ಜೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ಎರಡು, ಅಚ್ಚು ಭಾಗಗಳಾಗಿ ಒಡೆಯುವುದರಿಂದ ಪಾತ್ರೆಯ ಸುತ್ತಳತೆಯೂ ಸಮಭಾಗಗಳಾಗಿ ಒಡೆಯುತ್ತದೆ. ಮೂರು ಕಾಲಿನ ಪಾತ್ರೆಗೆ ಮೂರು ಭಾಗ, ಭಾಗಕ್ಕೊಂದು ಮುಖ. ಪ್ರತಿ ಭಾಗಕ್ಕೂ ಒಂದು ನಡುಗೆರೆ ಬೇಕು, ಅದರ ಎರಡು ಬದಿ ಸಮವಾಗಿ ತೂಗಬೇಕು. ಎರಡು ಕಣ್ಣು, ಒಂದು ಮೂಗು ಎಂಬ ವಿನ್ಯಾಸಕ್ಕಿಂತ ಇದಕ್ಕೆ ಚೆನ್ನಾಗಿ ಹೊಂದುವುದು ಯಾವುದು? ಕೂಡುಗೆರೆಯನ್ನು ಮರೆಮಾಚುವ ಬದಲು ಹಲ್ಲುಹಲ್ಲಿನ ಏಣಾಗಿ ಎತ್ತಿ ನಿಲ್ಲಿಸುವ ಧೈರ್ಯವೂ ಮುಂದೆ ಬಂತು. ಕೆಲಸಗಾರ ಹೆದರಬೇಕಾದ ದೋಷವೇ ಪಾತ್ರೆಯ ಅಂದವಾಯಿತು. ಇದು ಜಗತ್ತಿನ ಕುಶಲಕಲೆಯ ಚರಿತ್ರೆಯಲ್ಲೇ ದೊಡ್ಡ ಜಾಣತನವೆಂದು ನನ್ನ ಅಭಿಪ್ರಾಯ.

ಹೂತಿಟ್ಟು ಉಳಿಸಿದ ಪಾತ್ರೆ
*ಹೊವುಮುವು ಡಿಂಗ್ ಈಗ ಬೀಜಿಂಗ್‌ನ ಚೀನಾ ರಾಷ್ಟ್ರೀಯ ಮ್ಯೂಸಿಯಮ್‌ನಲ್ಲಿದೆ. ಎತ್ತರ 133 ಸೆಂ.ಮೀ., ತೂಕ 832.84 ಕಿಲೋ. ಪ್ರಾಚೀನ ಚೀನಾದಿಂದ ಉಳಿದು ಬಂದ ಕಂಚಿನ ಪಾತ್ರೆಗಳಲ್ಲಿ ಇದೇ ಅತಿ ಭಾರದ್ದು. ಲೋಹದಲ್ಲಿ ಸುಮಾರು ಶೇ 85 ತಾಮ್ರ, ಶೇ 11ರಿಂದ 12 ತವರ, ಉಳಿದದ್ದು ಹೆಚ್ಚಾಗಿ ಸೀಸ. ಅನ್ಯಾಂಗ್ ಬಳಿಯ ವುಗುವಾನ್ ಹಳ್ಳಿಯವರಿಗೆ 1939ರಲ್ಲಿ ಸಿಕ್ಕಿತು. ಜಪಾನಿ ಸೈನ್ಯದ ಕಣ್ಣಿಗೆ ಬೀಳಬಾರದೆಂದು ಮತ್ತೆ ನೆಲದಲ್ಲಿ ಹೂತರು, 1946ರಲ್ಲಿ ಹೊರತೆಗೆದರು. ಇಷ್ಟು ಲೋಹ ಒಂದೇ ಮೂಸೆಯಲ್ಲಿ ಕರಗುವಂಥದಲ್ಲ. ತಡೆಯಿಲ್ಲದೆ ಹೊಯ್ಯಲು ಹಲವು ಕೈಗಳು ಒಂದೇ ತಾಳದಲ್ಲಿ ದುಡಿದಿರಬೇಕು.*

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಅಚ್ಚಿನ ಕೆಲಸದಿಂದಲೇ ಮುಖ ಹುಟ್ಟಿತೆಂದರೆ ಅದು ಬರಿಯ ಅಲಂಕಾರವಾಯಿತಲ್ಲ? ಸತ್ತವರ ಎಡೆಯ ಪಾತ್ರೆಗೆ, ರಾಜ್ಯದ ಅತಿ ದುಬಾರಿ ವಸ್ತುವಿಗೆ, ಅರ್ಥವಿಲ್ಲದ ಗೆರೆ ಬಳಿಯುತ್ತಾರೆಯೇ? ಲೋಯರ್ ಹೆಚ್ಚುಕಡಿಮೆ ಹೌದೆಂದರು. ಈ ಗೆರೆಗಳಿಗೆ ರೂಪದಾಚೆ ಅರ್ಥವಿರಬೇಕಿಲ್ಲ ಎಂಬಷ್ಟು ದೂರ ಹೋದರು. ಅಲ್ಲಿಯವರೆಗೆ ನಾನು ಹೋಗಲಾರೆ. ಪುರಾತತ್ವಜ್ಞ ಕೆ. ಸಿ. ಚಾಂಗ್ ಇನ್ನೊಂದು ತುದಿಯಲ್ಲಿದ್ದರು. 1983ರ ತಮ್ಮ ಪುಸ್ತಕದಲ್ಲಿ ಅವರು ಈ ಪ್ರಾಣಿಗಳನ್ನು, ಮೈಮೇಲೆ ದೇವರು ಬಂದಂತೆ ಆಚೆ ಲೋಕಕ್ಕೆ ಹೋಗಿಬರುವ ಪೂಜಾರಿಯ ಸಹಾಯಕರೆಂದು ಓದಿದರು. ಅವರ ಬಲವಾದ ಸಾಕ್ಷಿ ಎಂದರೆ ಹುಲಿ ಮತ್ತು ಮನುಷ್ಯನ ಚಿತ್ರ. ಹೊವುಮುವು ಡಿಂಗ್‌ನ ಹಿಡಿಯ ಹೊರಮೈಯಲ್ಲಿ ಎರಡು ಹುಲಿಗಳು ಎದುರುಬದುರು ಬಾಯಿ ತೆರೆದಿವೆ, ಅವುಗಳ ನಡುವೆ ಒಬ್ಬ ಮನುಷ್ಯನ ತಲೆ. ಫು ಹಾವೊಳ ದೊಡ್ಡ ಕಂಚಿನ ಕೊಡಲಿಯ ಮೇಲೂ ಇದೇ ಚಿತ್ರ. ಪ್ಯಾರಿಸ್ಸಿನ ಸೆರ್ನುಸ್ಕಿ ಮ್ಯೂಸಿಯಮ್ಮಿನ ಮದ್ಯದ ಪಾತ್ರೆಯೊಂದಂತೂ ಹಿಂಗಾಲ ಮೇಲೆ ಕೂತ ಹೆಣ್ಣುಹುಲಿಯ ರೂಪದ್ದೇ. ಅದರ ತೆರೆದ ಬಾಯಿಯ ಕೆಳಗೆ ಮನುಷ್ಯನೊಬ್ಬ ಅದನ್ನು ಅಪ್ಪಿ ಹಿಡಿದಿದ್ದಾನೆ, ಮುಖದಲ್ಲಿ ಭಯದ ಸುಳಿವಿಲ್ಲ. ಇವು ನಿಜವಾಗಿ ಏನನ್ನೋ ಹೇಳುವ ಚಿತ್ರಗಳು, ಒಪ್ಪೋಣ. ಆದರೆ ಇಂಥವು ಬೆರಳೆಣಿಕೆಯಷ್ಟು. ಸಾವಿರಾರು ಪಾತ್ರೆಗಳ ಮೇಲಿರುವ ಮುಖದಲ್ಲಿ ಮನುಷ್ಯನಿಲ್ಲ, ಕಥೆಯಿಲ್ಲ. ಅಪರೂಪದ ಚಿತ್ರವೊಂದರ ಅರ್ಥವನ್ನು ಎಲ್ಲೆಲ್ಲೂ ಇರುವ ಮುಖಕ್ಕೆ ಹೊದಿಸಿದರೆ ಅದು ನಿಲ್ಲುವುದಿಲ್ಲ.

ಹೆಚ್ಚು ಗಟ್ಟಿಯಾದ ಸುಳಿವು ಕೆಲಸಗಾರನ ಸಾಮರ್ಥ್ಯದಲ್ಲೇ ಇದೆ. ಫು ಹಾವೊಳ ಗೋರಿಯಲ್ಲಿ ಗೂಬೆಯ ಆಕಾರದ ಒಂದು ಜೊತೆ ಮದ್ಯದ ಪಾತ್ರೆಗಳಿವೆ, ಸುಮಾರು 46 ಸೆಂ.ಮೀ. ಎತ್ತರ. ಎದೆ ಸೆಟೆಸಿ, ಎರಡು ಕಾಲು ಮತ್ತು ಬಾಲದ ಮೇಲೆ ಭಾರ ಹಾಕಿ ನಿಂತ ಗೂಬೆ, ಮಗುವೂ ಗುರುತಿಸುತ್ತದೆ. ಹುನಾನ್‌ನ ನಿಂಗ್‌ಶಿಯಾಂಗ್‌ನಲ್ಲಿ 1938ರಲ್ಲಿ ಸಿಕ್ಕ ಚೌಕ ಪಾತ್ರೆಯ ನಾಲ್ಕು ಮೂಲೆಗಳಿಂದ ನಾಲ್ಕು ಟಗರುಗಳು ತಲೆ ಚಾಚಿವೆ, ಕೊಂಬಿನ ಸುತ್ತೂ ತಪ್ಪಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಏಷ್ಯನ್ ಆರ್ಟ್ ಮ್ಯೂಸಿಯಮ್ಮಿನಲ್ಲಿರುವ ಘೇಂಡಾಮೃಗದ ಪಾತ್ರೆಯ ಮೇಲೆ ಚಿತ್ತಾರವೇ ಇಲ್ಲ, ತೊಗಲಿನ ಮಡಿಕೆ, ದಪ್ಪ ಕಾಲು ಇಷ್ಟರಿಂದಲೇ ಮೃಗ ಜೀವಂತ. ಇಷ್ಟು ಬಲ್ಲವರು ಬೇಕೆಂದರೆ ಆ ಮುಖವನ್ನೂ ಹುಲಿಯಾಗಿಸಬಹುದಿತ್ತು, ಎಮ್ಮೆಯಾಗಿಸಬಹುದಿತ್ತು. ಆಗಿಸಲಿಲ್ಲ. ಒಂದು ಪಾತ್ರೆಯಲ್ಲಿ ಕೊಂಬು ಟಗರಿನದು, ಇನ್ನೊಂದರಲ್ಲಿ ಕೋಣನದು, ಮತ್ತೊಂದರಲ್ಲಿ ಕೊಂಬಿನ ಜಾಗದಲ್ಲಿ ಪುಟ್ಟ ಸರ್ಪ. ಎಲ್ಲವೂ ಬದಲಾಗುತ್ತದೆ, ಕಣ್ಣು ಮಾತ್ರ ಉಳಿಯುತ್ತದೆ. ಇಂಥದೇ ಪ್ರಾಣಿ ಎಂದು ಗುರುತಿಸಲಾಗದಂತೆ ಇಡುವುದು ಅವರ ಬೇಕೆಂದೇ ಮಾಡಿದ ಆಯ್ಕೆ. ಅಂದಮೇಲೆ ‘ಇದು ಯಾವ ಪ್ರಾಣಿ’ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆ. ನೋಡುವವನ ದೃಷ್ಟಿಯನ್ನು ಕಣ್ಣೊಂದು ಹಿಡಿದು ನಿಲ್ಲಿಸಬೇಕು, ಈ ಪಾತ್ರೆ ಅಡುಗೆಮನೆಯದಲ್ಲ, ಹಿರಿಯರದು ಎಂದು ದೂರದಿಂದಲೇ ಸಾರಬೇಕು. ಎಷ್ಟು ಆಳದ ಕೆತ್ತನೆ, ಎಷ್ಟು ಪಾತ್ರೆ, ಎಷ್ಟು ತೂಕ ಎಂಬುದರಿಂದ ಎಡೆ ಇಟ್ಟವನ ಅಂತಸ್ತೂ ಗೊತ್ತಾಗಬೇಕು. ಮುಖದ ಕೆಲಸ ಅದು.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು. ಕಂಚು ಬರುವ ಮೊದಲೇ, ಯಾಂಗ್ತ್ಸೆ ನದಿಯ ಕೆಳಗಣ ಬಯಲಿನ ಲಿಯಾಂಗ್‌ಝು ಜನ ಜೇಡ್ ಕಲ್ಲಿನ ಮೇಲೆ ದೊಡ್ಡ ಕಣ್ಣಿನ ಮುಖ ಕೊರೆದಿದ್ದರು. ಅವರ ಕಾಲ ಸುಮಾರು ಕ್ರಿ.ಪೂ. 3300ರಿಂದ 2300. ಅಲ್ಲಿ ಮಣ್ಣಿನ ಅಚ್ಚೂ ಇಲ್ಲ, ಕೂಡುಗೆರೆಯೂ ಇಲ್ಲ. ಹಾಗಿದ್ದ ಮೇಲೆ ಮುಖ ಅಚ್ಚಿನಿಂದ ಹುಟ್ಟಿತೆನ್ನುವುದು ಹೇಗೆ? ಈ ಆಕ್ಷೇಪದಲ್ಲಿ ಸತ್ಯವಿದೆ. ಕಣ್ಣಿನ ಕಲ್ಪನೆ ಹಳೆಯದು. ಝೆಂಗ್‌ಝೌಗಿಂತಲೂ ಹಳೆಯ ನೆಲೆಯಾದ ಎರ್ಲಿಟೌನ ಗೋರಿಗಳಲ್ಲಿ ಸತ್ತವರ ಎದೆಯ ಮೇಲೆ ಇಟ್ಟ, ವೈಡೂರ್ಯ ನೀಲಿಯ ಕಲ್ಲುಚೂರು ಕೂಡಿಸಿದ ಕಂಚಿನ ಫಲಕಗಳಲ್ಲೂ ಅದು ಇದೆ. ಆದರೆ ಎರ್ಲಿಟೌನ ಅತಿ ಹಳೆಯ ಕಂಚಿನ ಪಾತ್ರೆಗಳನ್ನು ನೋಡಿ: ತೆಳ್ಳಗಿನ ಜುವೆಗಳು, ಮೈಮೇಲೆ ಮುಖವಿಲ್ಲ, ಹೆಚ್ಚೆಂದರೆ ಒಂದು ಸಾಲು ಉಬ್ಬುಚುಕ್ಕೆ. ಮುಖ ಗೊತ್ತಿತ್ತು, ಫಲಕದ ಮೇಲೆ ಕೂಡಿಸುತ್ತಲೂ ಇದ್ದರು; ಪಾತ್ರೆಯ ಮೇಲೆ ತರಲಿಲ್ಲ. ಅದು ಪಾತ್ರೆಗೆ ಬಂದದ್ದು ಅಚ್ಚಿನ ಭಾಗಗಳ ಮೇಲೆ ಚಿತ್ತಾರ ಹೂಡುವ ಕಲೆ ಕೈಗೆ ಹತ್ತಿದ ಮೇಲೆ. ಕಣ್ಣನ್ನು ಎರಕದವನು ಹಿಂದಿನವರಿಂದ ಪಡೆದ, ಮುಖವನ್ನು ತಾನೇ ಕಟ್ಟಿದ.

ಈಗ ಝುವಾಂಗ್‌ಬಾಯ್‌ಗೆ ಬರೋಣ, ಏಕೆಂದರೆ ನನ್ನ ಮಟ್ಟಿಗೆ ನಿರ್ಣಾಯಕ ಸಾಕ್ಷಿ ಅಲ್ಲಿದೆ. ಸುಮಾರು ಕ್ರಿ.ಪೂ. 1046ರಲ್ಲಿ ಪಶ್ಚಿಮದ ಝೌ ಜನ ಶಾಂಗ್ ವಂಶವನ್ನು ಉರುಳಿಸಿದರು; ಲಿಂಟಾಂಗ್‌ನ ಪಾತ್ರೆ ದಾಖಲಿಸಿದ್ದು ಆ ಗೆಲುವನ್ನೇ. ವೇಯ್ ಎಂಬ ಮನೆತನ ಶಾಂಗ್ ಕಡೆಯಿಂದ ಬಂದು ಝೌ ಆಸ್ಥಾನದಲ್ಲಿ ಲಿಪಿಕಾರರ ಕೆಲಸ ಹಿಡಿಯಿತು. ಝೌ ರಾಜಧಾನಿ ಕ್ರಿ.ಪೂ. 771ರಲ್ಲಿ ಬಿದ್ದಾಗ ಆ ಮನೆಯವರು ತಲೆತಲಾಂತರದ ಪಾತ್ರೆಗಳನ್ನು ಗುಂಡಿಯಲ್ಲಿ ಒಪ್ಪವಾಗಿ ಜೋಡಿಸಿ ಮುಚ್ಚಿ ಓಡಿದರು, ಹಿಂದಿರುಗಲಿಲ್ಲ. 103 ಕಂಚುಗಳಲ್ಲಿ 70ಕ್ಕೂ ಹೆಚ್ಚು ಬರಹವುಳ್ಳವು. ಯಾರು ಯಾರ ಮಗ ಎಂಬುದೂ ಅದರಲ್ಲೇ ಸಿಗುತ್ತದೆ. ಝೆ ಎಂಬವನ ಪಾತ್ರೆಗಳಲ್ಲಿ ಮುಖ ತನ್ನ ಪೂರ್ಣ ವೈಭವದಲ್ಲಿದೆ: ಉಬ್ಬಿದ ಕಣ್ಣು, ಎದ್ದು ನಿಂತ ಏಣು, ಒಂದಂಗುಲವೂ ಖಾಲಿಯಿಲ್ಲ. ಅವನ ಮಗ ಫೆಂಗ್‌ನ ಪಾತ್ರೆಗಳಲ್ಲಿ ಮುಖದ ಜಾಗಕ್ಕೆ ಉದ್ದ ಜುಟ್ಟಿನ ಹಕ್ಕಿಗಳು ಬಂದು ಕೂತಿವೆ. ಮೊಮ್ಮಗ ಚಿಯಾಂಗ್‌ನ ಅಗಲ ತಟ್ಟೆಯ ಹೊರಗೆ ಒಂದು ಸಾಲು ಸೌಮ್ಯವಾದ ಹಕ್ಕಿಗಳು, ಒಳಗೆ 284 ಅಕ್ಷರಗಳ ಬರಹ. ಮೊದಲ ಅರ್ಧ ಝೌ ದೊರೆಗಳ ಹೊಗಳಿಕೆ, ಉಳಿದರ್ಧ ತನ್ನ ಮನೆತನದ ಚರಿತ್ರೆ. ಮರಿಮಗ ಶಿಂಗ್‌ನ ಕಾಲಕ್ಕೆ ಪ್ರಾಣಿಯೂ ಇಲ್ಲ, ಹಕ್ಕಿಯೂ ಇಲ್ಲ. ದೊಡ್ಡ ಹೂಜಿಗಳ ಸುತ್ತ ಅಗಲವಾದ ಅಲೆಗಳು, ಒಂದೇ ಬಗೆಯ ಎಂಟು ಗುಯ್‌ಗಳ ಮೇಲೆ ಸಾಲುಗೆರೆಗಳು, ಜೊತೆಗೆ ಕಂಚಿನ ಗಂಟೆಗಳು.

ಒಂದೇ ಮನೆ, ಅದೇ ಹಿರಿಯರು, ಅದೇ ಎಡೆ. ನಾಲ್ಕು ತಲೆಮಾರಿನಲ್ಲಿ ಮುಖ ಪೂರ್ತಿ ಅಳಿಸಿಹೋಯಿತು. ಅದು ದೇವರಾಗಿದ್ದರೆ, ಹಿರಿಯರನ್ನು ಕರೆತರುವ ದೂತನಾಗಿದ್ದರೆ, ಎಡೆಯನ್ನು ಕಾಯುವ ರಕ್ಷಕನಾಗಿದ್ದರೆ ಹೀಗೆ ಸದ್ದಿಲ್ಲದೆ ಬಿಟ್ಟುಕೊಡುತ್ತಿದ್ದರೇ? ಧರ್ಮವೇ ಬದಲಾಯಿತು, ಅದಕ್ಕೇ ಮುಖ ಹೋಯಿತು ಎಂದು ವಾದಿಸುವವರಿದ್ದಾರೆ. ಜೆಸ್ಸಿಕಾ ರಾಸನ್ ಅವರಂಥ ವಿದ್ವಾಂಸರು ತೋರಿಸಿರುವಂತೆ ಪಶ್ಚಿಮ ಝೌ ಕಾಲದ ನಡುವಿನಿಂದ ಕೊನೆಯ ಹೊತ್ತಿಗೆ ಆಚರಣೆಯಲ್ಲಿ ದೊಡ್ಡ ಪಲ್ಲಟವಾದದ್ದು ನಿಜ. ಜುವೆ, ಗು ಮುಂತಾದ ಮದ್ಯದ ಪಾತ್ರೆಗಳು ಮರೆಯಾದವು. ಒಂದೇ ಅಚ್ಚಿನಂಥ ಡಿಂಗ್, ಗುಯ್‌ಗಳ ಸಾಲುಗಳು ಬಂದವು. ಸಾನ್‌ಮೆನ್‌ಶಿಯಾದ ಗುವೊ ರಾಜ್ಯದ ಒಡೆಯನೊಬ್ಬನ ಗೋರಿಯಲ್ಲಿ ಏಳು ಡಿಂಗ್, ಆರು ಗುಯ್. ಅವನಿಗಿಂತ ಕೆಳಗಿನವರಿಗೆ ಐದು ಮತ್ತು ನಾಲ್ಕು, ಮೂರು ಮತ್ತು ಎರಡು. ಆದರೆ ಬದಲಾದದ್ದು ಎಡೆಯ ರೀತಿ. ಹಿರಿಯರಿಗೆ ಉಣಬಡಿಸುವ ನಂಬಿಕೆ ಹಾಗೇ ಉಳಿಯಿತು. ಬರಹಗಳೇ ಸಾಕ್ಷಿ. ಇಂಥ ಹಿರಿಯನಿಗಾಗಿ ಈ ಪಾತ್ರೆ ಮಾಡಿಸಿದೆ, ಮಕ್ಕಳು ಮೊಮ್ಮಕ್ಕಳು ಎಂದೆಂದಿಗೂ ಜೋಪಾನವಾಗಿ ಬಳಸಲಿ ಎಂಬ ಅರ್ಥದ ಮುಕ್ತಾಯ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಮುಖ ಹೋದ ಹೊತ್ತಿಗೆ ಅದರ ಕೆಲಸವನ್ನು ಬೇರೆ ಎರಡು ವಹಿಸಿಕೊಂಡಿದ್ದವು. ಒಂದು ಅಕ್ಷರ. ಶಾಂಗ್ ಪಾತ್ರೆಗಳಲ್ಲಿ ಬರಹವೆಂದರೆ ಸಾಮಾನ್ಯವಾಗಿ ಎರಡು ಮೂರು ಅಕ್ಷರ, ಅದೂ ಒಳಗಡೆಯೋ ಹಿಡಿಯ ಅಡಿಯೋ. ಬಾವೊಜಿಯಲ್ಲಿ 1963ರಲ್ಲಿ ಸಿಕ್ಕ ಹೆ ಝುನ್ ಎಂಬ ಝೌ ಪಾತ್ರೆಯಲ್ಲಿ 122 ಅಕ್ಷರ, ಹೊರಗೆ ಇನ್ನೂ ಪೂರ್ಣ ವೈಭವದ ಮುಖ; ಎರಡೂ ಜೊತೆಗಿದ್ದ ಗಳಿಗೆಯದು. ತೈಪೆಯ ಮ್ಯೂಸಿಯಮ್‌ನಲ್ಲಿರುವ ಮಾವೊಗಾಂಗ್ ಡಿಂಗ್‌ನಲ್ಲಿ ಐನೂರರ ಹತ್ತಿರ ಅಕ್ಷರ, ಹೊರಮೈ ಬಹುಮಟ್ಟಿಗೆ ಬೋಳು, ಕತ್ತಿನ ಬಳಿ ಒಂದು ಪಟ್ಟಿ ಮಾತ್ರ. ದೊರೆ ಏನು ಕೊಟ್ಟ, ಯಾವ ಸೇವೆಗೆ ಕೊಟ್ಟ, ಮನೆತನ ಯಾವುದು ಎಲ್ಲವನ್ನೂ ಅಕ್ಷರ ಬಿಡಿಸಿ ಹೇಳಿತು. ಎರಡನೆಯದು ಎಣಿಕೆ. ಏಳು, ಐದು, ಮೂರು ಎಂದು ಸಾಲಿಟ್ಟ ಪಾತ್ರೆಗಳು ಒಡೆಯನ ಅಂತಸ್ತನ್ನು ಸಭೆಯ ಹಿಂದಿನ ಸಾಲಿನವರಿಗೂ ತಿಳಿಸಿದವು. ಹಿಂದೆ ಇದನ್ನೆಲ್ಲ ಒಂದು ದಿಟ್ಟ ನೋಟದಲ್ಲಿ ಹೇಳುತ್ತಿದ್ದ ಮುಖಕ್ಕೆ ಮಾಡಲು ಏನೂ ಉಳಿಯಲಿಲ್ಲ.

ತೂಕ ಕೇಳಿದ ದೊರೆ
*ಕ್ರಿ.ಪೂ. 606ರಲ್ಲಿ ಚು ರಾಜ್ಯದ ದೊರೆ ಝುವಾಂಗ್ ಝೌ ರಾಜಧಾನಿಯ ಹತ್ತಿರ ದಂಡು ನಿಲ್ಲಿಸಿ, ರಾಜವಂಶದ ಡಿಂಗ್‌ಗಳ ತೂಕವೆಷ್ಟು ಎಂದು ಕೇಳಿದನೆಂದು ‘ಝುವೊ ಝುವಾನ್’ ಎಂಬ ಚರಿತ್ರೆಗ್ರಂಥ ಹೇಳುತ್ತದೆ. ಝೌ ದೊರೆಯ ದೂತ ಕೊಟ್ಟ ಉತ್ತರ: ಮುಖ್ಯವಾದದ್ದು ದೊರೆಯ ಗುಣ, ಪಾತ್ರೆಯ ತೂಕವಲ್ಲ. ಒಂಬತ್ತು ಡಿಂಗ್‌ಗಳು ರಾಜ್ಯಾಧಿಕಾರದ ಗುರುತೆಂಬ ನಂಬಿಕೆಗೆ ಹಳೆಯ ಆಧಾರಗಳಲ್ಲಿ ಇದೂ ಒಂದು.*

ಕೊನೆಯ ಆಕ್ಷೇಪವೊಂದಿದೆ: ಮುಖ ಮತ್ತೆ ಬಂತಲ್ಲ? ಹೌದು, ಬಂತು. ಜಿನ್ ರಾಜ್ಯ ಕ್ರಿ.ಪೂ. 585ರಲ್ಲಿ ರಾಜಧಾನಿಯನ್ನು ಈಗಿನ ಷಾನ್‌ಶಿ ಪ್ರಾಂತ್ಯದ ಹೌಮಾಗೆ ಬದಲಿಸಿತು. ಅಲ್ಲಿನ ಎರಕದ ಮನೆಗಳಲ್ಲಿ ಸಿಕ್ಕ ಹತ್ತಾರು ಸಾವಿರ ಮಣ್ಣಿನ ಚೂರುಗಳಲ್ಲಿ ಕಣ್ಣಿನ ಮುಖ ಎಷ್ಟು ಬೇಕಾದರೂ ಇದೆ, ಮೊದಲಿಗಿಂತ ನಯವಾಗಿ, ಹಾವಿನಂಥ ಬಳ್ಳಿಗಳ ನಡುವೆ ಹೆಣೆದುಕೊಂಡು. ಆದರೆ ಅಲ್ಲಿನ ಕೆಲಸದ ರೀತಿ ನೋಡಿ. ಒಬ್ಬ ನುರಿತ ಕೆತ್ತನೆಗಾರ ಚಿತ್ತಾರದ ಒಂದು ತುಂಡನ್ನು ಮಣ್ಣಿನಲ್ಲಿ ಕೊರೆದು ಸುಡುತ್ತಾನೆ. ಉಳಿದವರು ಅದರ ಮೇಲೆ ಹಸಿಮಣ್ಣಿನ ಹಾಳೆಗಳನ್ನು ಒತ್ತಿ ಒತ್ತಿ ತೆಗೆದು, ಆ ಹಾಳೆಗಳನ್ನು ಅಚ್ಚಿನೊಳಗೆ ಸಾಲಾಗಿ ಅಂಟಿಸುತ್ತಾರೆ. ಒಂದು ಕೆತ್ತನೆಯಿಂದ ಹತ್ತು ಪಾತ್ರೆ. ಎಡೆಗೂ ಅದೇ, ಔತಣಕ್ಕೂ ಅದೇ, ಮಾರುವುದಕ್ಕೂ ಅದೇ. ಪಾತ್ರೆಯ ಸುತ್ತಳತೆಗೆ ಪಟ್ಟಿ ಸರಿಯಾಗಿ ಕೂಡದಿದ್ದಾಗ ಕೊನೆಯ ತುಂಡನ್ನು ಚಿತ್ತಾರದ ನಡುವೆಯೇ ಕತ್ತರಿಸಿ ಕೂರಿಸಿದ್ದೂ ಉಂಟು. ಆ ಚಾಕುವಿನ ಗುರುತು ಕಂಚಿನ ಮೇಲೆ ಹಾಗೇ ಉಳಿದಿದೆ, ಅದನ್ನು ಅಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.